ಭಾಷೆ ಅರೆಬರೆ ಬಂದರೂ ವಿದೇಶದಲ್ಲಿ ಗೆಳೆಯರು ಸಿಗುತ್ತಾರಾ?

ಪ್ರಶ್ನೆ: ಓದಲು ವಿದೇಶಕ್ಕೆ ಬಂದು ಕೆಲವು ತಿಂಗಳಾಯಿತು. ಪಾಠ ಹೇಗೋ ಅರ್ಥವಾಗುತ್ತದೆ. ಆದರೆ ನಾಲ್ಕು ಜನ ಸೇರಿ ಹರಟುವಾಗ ಸುಮ್ನೆ ನಗುತ್ತಾ ಕೂತಿರುತ್ತೇನೆ. ಭಾಷೆ ಪೂರ್ತಿ ಕಲಿಯುವ ತನಕ ಗೆಳೆಯರು ಸಿಗುವುದಿಲ್ಲವಾ?

ಉತ್ತರ: ಸಿಗುತ್ತಾರೆ. ಭಾಷೆ ಬರಲಿ ಎಂದು ಮಾತ್ರ ಕಾಯುತ್ತಾ ಕೂರಬೇಡಿ. ಹರಟೆಯ ಭಾಷೆ ಬರುವುದೇ ಜನರ ಜೊತೆ ಹರಟಿದಾಗ.

ಪಾಠ ಅರ್ಥವಾಗಿ ಹರಟೆ ಅರ್ಥವಾಗದಿರುವುದಕ್ಕೆ ನೀವು ದಡ್ಡರು ಎಂಬುದು ಕಾರಣವಲ್ಲ. ತರಗತಿಯಲ್ಲಿ ಮಾತಾಡುವವರು ಒಬ್ಬರೇ, ವಿಷಯವೂ ಮೊದಲೇ ಗೊತ್ತಿರುತ್ತದೆ. ಹರಟೆಯ ವೇಗವೇ ಬೇರೆ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗ. ಒಂದು ಚಿತ್ರ ನೋಡಿ ಅದರ ಹೆಸರು ಹೇಳಲು ನಮ್ಮದೇ ಭಾಷೆಯಲ್ಲೂ ಇದರ ಸುಮಾರು ಮೂರರಷ್ಟು ಹೊತ್ತು ಬೇಕು. ಅಂದರೆ ಎಲ್ಲರೂ ಕೇಳಿಸಿಕೊಳ್ಳುತ್ತಲೇ ಮನಸ್ಸಿನಲ್ಲಿ ಉತ್ತರ ಸಿದ್ಧ ಮಾಡುತ್ತಿರುತ್ತಾರೆ. ಹೊಸ ಭಾಷೆಯಲ್ಲಿ ನಮ್ಮ ಶಕ್ತಿಯೆಲ್ಲ ಕೇಳಿಸಿಕೊಳ್ಳುವುದಕ್ಕೇ ಖರ್ಚಾಗುತ್ತದೆ. ನೀವು ವಾಕ್ಯ ಜೋಡಿಸಿ ಬಾಯಿ ತೆರೆಯುವಷ್ಟರಲ್ಲಿ ಅವರು ಇನ್ನೊಂದು ವಿಷಯಕ್ಕೆ ಹೋಗಿರುತ್ತಾರೆ.

ಹಾಗಾಗಿ ಗುಂಪಿನಿಂದ ಶುರು ಮಾಡಬೇಡಿ. ಅದೇ ಗುಂಪಿನಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡುವ, ನಿಮ್ಮ ಮಾತು ಮುಗಿಯುವ ತನಕ ಕಾಯುವ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಒಂಟಿಯಾಗಿ ಭೇಟಿ ಮಾಡಿ, ಅದೂ ಗದ್ದಲ ಇಲ್ಲದ ಜಾಗದಲ್ಲಿ. ಹಿಂದೆ ಜೋರಾಗಿ ಹಾಡು ಹಾಕಿರುವ ಕಡೆ ಆ ಭಾಷೆಯಲ್ಲೇ ಹುಟ್ಟಿ ಬೆಳೆದವರು ಹೇಗೋ ನಿಭಾಯಿಸುತ್ತಾರೆ, ಹೊಸದಾಗಿ ಕಲಿಯುವವರಿಗೆ ಅರ್ಧ ಮಾತು ಕೇಳಿಸುವುದೇ ಇಲ್ಲ.

ಅರ್ಥವಾಗದಿದ್ದಾಗ ತಲೆಯಾಡಿಸುವ ಅಭ್ಯಾಸ ಬಿಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಸ್ನೇಹ ಕೆಡುವುದು ತಪ್ಪು ವ್ಯಾಕರಣದಿಂದ ಅಲ್ಲ, ಇಂಥ ಸುಳ್ಳು ಹೂಂಗುಟ್ಟುವಿಕೆಯಿಂದ. ಅವರು ಶುಕ್ರವಾರ ಎಲ್ಲೋ ಸೇರೋಣ ಎಂದಿರುತ್ತಾರೆ, ನೀವು ಹೂಂ ಅಂದಿರುತ್ತೀರಿ, ಆಮೇಲೆ ಹೋಗುವುದಿಲ್ಲ. ಇವರಿಗೆ ಬರುವ ಮನಸ್ಸಿಲ್ಲ ಅಂದುಕೊಂಡು ಅವರು ಮುಂದಿನ ಸಲ ಕರೆಯುವುದಿಲ್ಲ. ‘ಏನು?’ ಎಂದು ಪೂರ್ತಿ ಮಾತನ್ನು ಮತ್ತೆ ಹೇಳಿಸುವ ಬದಲು, ಕೇಳಿಸಿದಷ್ಟನ್ನು ಹಿಡಿದುಕೊಂಡು ಉಳಿದದ್ದನ್ನು ಕೇಳಿ: ‘ಶುಕ್ರವಾರ ಅಂದ್ಯಲ್ಲ, ಎಲ್ಲಿಗೆ ಅಂದೆ?’ ನೀವು ಗಮನ ಕೊಟ್ಟು ಕೇಳುತ್ತಿದ್ದೀರಿ ಎಂದು ಅವರಿಗೆ ಗೊತ್ತಾಗುತ್ತದೆ. ಅವರೂ ಅಷ್ಟೇ ಭಾಗವನ್ನು ನಿಧಾನವಾಗಿ ಹೇಳುತ್ತಾರೆ.

ಇನ್ನು ಸಮಯದ ಲೆಕ್ಕ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜು ಹೀಗಿದೆ: ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು, ಗೆಳೆಯರು ಅನ್ನಿಸಿಕೊಳ್ಳಲು ಸುಮಾರು 90, ಆಪ್ತರಾಗಲು 200ಕ್ಕೂ ಜಾಸ್ತಿ. ಬರೀ ಒಂದೇ ತರಗತಿಯಲ್ಲಿ ಕೂತ ಹೊತ್ತು ಇಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಬಿಡುವಿನಲ್ಲಿ ಜೊತೆಯಾಗಿ ಕಳೆದ ಹೊತ್ತೇ ಮುಖ್ಯ. ಒಂದೇ ಭಾಷೆ ಆಡುವವರಿಗೇ ಇಷ್ಟು ಹಿಡಿಯುವಾಗ, ನಿಮಗೆ ಕೆಲವು ತಿಂಗಳಲ್ಲಿ ಯಾರೂ ಆಪ್ತರಾಗಿಲ್ಲ ಅಂದರೆ ಅದು ಸೋಲಲ್ಲ.

ಆ ಗಂಟೆಗಳನ್ನು ಕೂಡಿಸಲು ಸುಲಭದ ದಾರಿ, ವಾರವಾರ ಅದೇ ಜನ ಸೇರುವ, ಬಾಯಿಗಿಂತ ಕೈಗೆ ಜಾಸ್ತಿ ಕೆಲಸ ಇರುವ ಜಾಗ. ಬ್ಯಾಡ್ಮಿಂಟನ್, ಚೆಸ್, ಸೈಕಲ್ ರಿಪೇರಿ, ಸಮೂಹಗಾನ, ಯಾವುದಾದರೂ ಸರಿ. ಅಲ್ಲಿ ಮೌನ ಯಾರಿಗೂ ಮುಜುಗರವಲ್ಲ, ಅದೇ ಹತ್ತಿಪ್ಪತ್ತು ಮಾತುಗಳು ಮತ್ತೆ ಮತ್ತೆ ಬರುತ್ತವೆ. ನಿಮ್ಮ ವಿಶ್ವವಿದ್ಯಾಲಯದ ಭಾಷಾ ಕೇಂದ್ರದಲ್ಲಿ ಟ್ಯಾಂಡೆಮ್ ಜೋಡಿ, ಅಂದರೆ ಒಬ್ಬರ ಭಾಷೆಯನ್ನು ಇನ್ನೊಬ್ಬರು ಕಲಿಯುವ ಜೋಡಿ, ಮಾಡಿಕೊಡುತ್ತಾರಾ ಎಂದೂ ವಿಚಾರಿಸಿ. ಅರ್ಧ ಗಂಟೆ ಅವರ ಭಾಷೆ, ಅರ್ಧ ಗಂಟೆ ನಿಮ್ಮದು. ಅವರೂ ನಿಮ್ಮ ಮುಂದೆ ತಡವರಿಸುತ್ತಾರೆ, ಆಗ ನಾಚಿಕೆ ಇಬ್ಬರಿಗೂ ಹಂಚಿಹೋಗುತ್ತದೆ.

ನಿಮ್ಮ ಭಾಷೆಯವರ ಜೊತೆ ಇರುವುದು ತಪ್ಪಾ ಎಂದು ಕೆಲವರು ಕೇಳುತ್ತಾರೆ. ಖಂಡಿತ ಅಲ್ಲ, ಮನಸ್ಸು ಭಾರವಾದಾಗ ಅವರು ಬೇಕೇ ಬೇಕು. ಆದರೆ ಕೋಣೆ, ಊಟ, ಓದು, ತಿರುಗಾಟ ಎಲ್ಲವೂ ಅವರ ಜೊತೆಗೇ ಆದರೆ ಬೇರೆಯವರಿಗೆ ಸಮಯವೇ ಉಳಿಯುವುದಿಲ್ಲ. ಬೇರೆ ದೇಶಗಳಿಂದ ಬಂದು ನಿಮ್ಮಂತೆಯೇ ಆ ಭಾಷೆ ಕಲಿಯುತ್ತಿರುವವರನ್ನೂ ಮರೆಯಬೇಡಿ. ಅವರ ವೇಗ ನಿಮ್ಮ ವೇಗಕ್ಕೆ ಹೊಂದುತ್ತದೆ.

ಕರೆಯುವಾಗ ‘ಯಾವಾಗಾದ್ರೂ ಸಿಗೋಣ’ ಅನ್ನಬೇಡಿ. ದಿನ, ಹೊತ್ತು, ಜಾಗ ಮೂರನ್ನೂ ಮೆಸೇಜಿನಲ್ಲಿ ಬರೆದು ಕಳಿಸಿ. ಬರೆಯುವಾಗ ಯೋಚಿಸಲು ನಿಮಗೆ ಬಿಡುವು ಸಿಗುತ್ತದೆ, ಬೇಕಾದರೆ ಅನುವಾದದ ಆ್ಯಪ್ ನೋಡಿಕೊಳ್ಳಬಹುದು. ಆ ದಿನ ಆಗಲ್ಲ ಅಂದರೆ ಬೇಜಾರಾಗದೆ ಇನ್ನೊಂದು ದಿನ ಹೇಳಿ. ಎರಡು ಮೂರು ಸಲ ಕರೆದರೂ ಅವರ ಕಡೆಯಿಂದ ಒಂದು ದಿನವೂ ಬರಲಿಲ್ಲವೆಂದರೆ, ಅವರನ್ನು ಅಲ್ಲಿಗೇ ಬಿಟ್ಟು ಇನ್ನೊಬ್ಬರನ್ನು ಕರೆಯಿರಿ.