ವಿಮಾನಯಾನದ ಎಂಟರ್‌ಪ್ರೈಸ್ ಒಪ್ಪಂದಕ್ಕೆ ಅನುಮೋದನೆ: ಹೋಲಿಸುವುದು ಯಾವುದರೊಂದಿಗೆ?

ಆಸ್ಟ್ರೇಲಿಯಾದ ವಿಮಾನಯಾನ ಸಂಸ್ಥೆಯೊಂದು ವೇತನ ಮತ್ತು ಕೆಲಸದ ಷರತ್ತುಗಳ ಬಗ್ಗೆ ತನ್ನ ನೌಕರರೊಂದಿಗೆ ಮಾಡಿಕೊಂಡ ಎಂಟರ್‌ಪ್ರೈಸ್ ಒಪ್ಪಂದವು ಅವರ ಮತದಾನದಲ್ಲಿ ಗೆದ್ದ ಮಾತ್ರಕ್ಕೆ ಜಾರಿಗೆ ಬರುವುದಿಲ್ಲ. 2009ರ ಫೇರ್ ವರ್ಕ್ ಕಾಯ್ದೆಯ ಪ್ರಕಾರ ಅದಾದ 14 ದಿನಗಳೊಳಗೆ ಅಲ್ಲಿನ ಉದ್ಯೋಗ ಸಂಬಂಧಗಳ ನ್ಯಾಯಮಂಡಳಿಯಾದ ಫೇರ್ ವರ್ಕ್ ಕಮಿಷನ್ನಿಗೆ ಅನುಮೋದನೆ ಕೋರಿ ಅರ್ಜಿ ಸಲ್ಲಿಸಬೇಕು. ಅನುಮೋದನೆ ದೊರೆತ 7 ದಿನಗಳ ನಂತರ, ಅಥವಾ ಒಪ್ಪಂದವೇ ಸೂಚಿಸುವ ಇನ್ನೂ ಮುಂದಿನ ದಿನದಿಂದ, ಅದು ಜಾರಿಯಾಗುತ್ತದೆ. ನೌಕರರು ನಿಜವಾಗಿ ಒಪ್ಪಿದ್ದಾರೆಯೇ, ಕನಿಷ್ಠ ಉದ್ಯೋಗ ಮಾನದಂಡಗಳಿಗೆ ಧಕ್ಕೆಯಾಗಿಲ್ಲವೇ, ಅವಧಿ 4 ವರ್ಷ ಮೀರಿಲ್ಲವೇ ಎಂಬ 186ನೇ ಸೆಕ್ಷನ್ನಿನ ಪ್ರಶ್ನೆಗಳು ಒಮ್ಮೆ ಓದಿದರೆ ತಿಳಿಯುತ್ತವೆ.

ಕಷ್ಟವಿರುವುದು 193ನೇ ಸೆಕ್ಷನ್ನಿನ 'ಬೆಟರ್ ಆಫ್ ಓವರಾಲ್' ಪರೀಕ್ಷೆಯಲ್ಲಿ, ಅಂದರೆ ಎಲ್ಲರೂ 'ಬೂಟ್' ಎಂದು ಕರೆಯುವ ಹಂತದಲ್ಲಿ. ಒಪ್ಪಂದದಿಂದ ಪ್ರತಿಯೊಬ್ಬ ನೌಕರನ ಸ್ಥಿತಿ ಒಟ್ಟಾರೆ ಉತ್ತಮವಾಗುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ. ಹೊಸ ಒಪ್ಪಂದವನ್ನು ಹಳೆಯ ಒಪ್ಪಂದದೊಂದಿಗೆ ಹೋಲಿಸಲಾಗುತ್ತದೆ ಎಂದು ಭಾವಿಸುವುದು ಸಹಜ, ಆದರೆ ಹೋಲಿಕೆ ನಡೆಯುವುದು ಆ ಕೆಲಸಕ್ಕೆ ಅನ್ವಯಿಸುವ ಮಾಡರ್ನ್ ಅವಾರ್ಡಿನೊಂದಿಗೆ, ಅಂದರೆ ಒಂದು ಉದ್ಯಮ ಅಥವಾ ವೃತ್ತಿಗೆ ಕನಿಷ್ಠ ವೇತನ ಮತ್ತು ಷರತ್ತುಗಳನ್ನು ನಿಗದಿಪಡಿಸುವ ದಾಖಲೆಯೊಂದಿಗೆ. ಪೈಲಟ್‌ಗಳಿಗೆ, ಕ್ಯಾಬಿನ್ ಸಿಬ್ಬಂದಿಗೆ, ವಿಮಾನಯಾನ ಸಂಸ್ಥೆಗಳ ನೆಲಸಿಬ್ಬಂದಿಗೆ ಪ್ರತ್ಯೇಕ ಅವಾರ್ಡ್‌ಗಳಿವೆ. ಆದ್ದರಿಂದ ಹಳೆಯ ಒಪ್ಪಂದದಲ್ಲಿದ್ದ ಸೌಲಭ್ಯವೊಂದನ್ನು ಕೈಬಿಟ್ಟಿದ್ದರೂ, ಒಟ್ಟಾರೆ ಅವಾರ್ಡಿಗಿಂತ ಮೇಲಿದ್ದರೆ ಹೊಸ ಒಪ್ಪಂದ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಹಳೆಯ ಸೌಲಭ್ಯವನ್ನು ಉಳಿಸಿಕೊಳ್ಳುವ ಜಾಗ ಮಾತುಕತೆಯ ಮೇಜು ಮತ್ತು ಮತಪೆಟ್ಟಿಗೆ. ಕಮಿಷನ್ನಿನ ಮುಂದೆ ಬಂದಾಗ ಅದು ತಡವಾಗಿರುತ್ತದೆ.

'ಒಟ್ಟಾರೆ' ಎಂಬ ಮಾತನ್ನು ಒಂದು ಊಹೆಯ ಲೆಕ್ಕದಲ್ಲಿ ನೋಡೋಣ. ಅವಾರ್ಡಿನ ದರ ಗಂಟೆಗೆ 30 ಡಾಲರ್, ಭಾನುವಾರ ಅದರ ಎರಡು ಪಟ್ಟು ಎಂದಿಟ್ಟುಕೊಳ್ಳಿ. ಒಪ್ಪಂದವು ಯಾವ ದಿನವಾದರೂ ಗಂಟೆಗೆ 36 ಡಾಲರ್ ಕೊಡುತ್ತದೆ. ವಾರದ ದಿನಗಳಲ್ಲಷ್ಟೇ 38 ಗಂಟೆ ದುಡಿಯುವವರಿಗೆ ಅವಾರ್ಡಿನಲ್ಲಿ 1,140, ಒಪ್ಪಂದದಲ್ಲಿ 1,368 ಡಾಲರ್. ಅದೇ 38 ಗಂಟೆಗಳಲ್ಲಿ 8 ಗಂಟೆ ಭಾನುವಾರಕ್ಕೆ ಬಿದ್ದರೆ ಅವಾರ್ಡಿನ ಮೊತ್ತ 900 ಮತ್ತು 480 ಸೇರಿ 1,380 ಆಗುತ್ತದೆ, ಒಪ್ಪಂದದ ಮೊತ್ತ ಮಾತ್ರ 1,368ರಲ್ಲೇ ನಿಲ್ಲುತ್ತದೆ. ಶೇಕಡಾ 20ರಷ್ಟು ಹೆಚ್ಚಿನ ದರ ಒಂದೇ ಒಂದು ಭಾನುವಾರದ ಪಾಳಿಗೆ ಕರಗಿಹೋಯಿತು. ಬೇರೆ ಸೌಲಭ್ಯಗಳು ಈ ಕೊರತೆಯನ್ನು ತುಂಬದಿದ್ದರೆ ಆ ನೌಕರನ ಮಟ್ಟಿಗೆ ಒಪ್ಪಂದ ಸೋಲುತ್ತದೆ, ಬಹುಮತ ಎಷ್ಟೇ ದೊಡ್ಡದಿದ್ದರೂ.

2023ರ ಜೂನ್ ತಿದ್ದುಪಡಿಯ ನಂತರ, ಅರ್ಜಿ ಸಲ್ಲಿಸಿದ ಹೊತ್ತಿನಲ್ಲಿ ಸಮಂಜಸವಾಗಿ ನಿರೀಕ್ಷಿಸಬಹುದಾದ ಪಾಳಿಗಳನ್ನಷ್ಟೇ ಕಮಿಷನ್ ಪರಿಗಣಿಸುತ್ತದೆ. ಆದರೆ ವಾರದ ಏಳೂ ದಿನ ನಡೆಯುವ ವಿಮಾನ ನಿಲ್ದಾಣದಲ್ಲಿ ಭಾನುವಾರದ ಪಾಳಿಯನ್ನು ಯಾರೂ ಅನಿರೀಕ್ಷಿತ ಎನ್ನಲಾರರು.

ಇಂಥ ಕೊರತೆ ಕಂಡರೆ ಅರ್ಜಿ ಕೂಡಲೇ ತಿರಸ್ಕೃತವಾಗಬೇಕಿಲ್ಲ. ಉದ್ಯೋಗದಾತರು 190ನೇ ಸೆಕ್ಷನ್ನಿನಡಿ ಲಿಖಿತ ಮುಚ್ಚಳಿಕೆ ಕೊಡಬಹುದು. ಅದರಿಂದ ಯಾವ ನೌಕರನಿಗೂ ಹಣದ ನಷ್ಟವಾಗಬಾರದು, ಒಪ್ಪಂದದಲ್ಲಿ ಗಣನೀಯ ಬದಲಾವಣೆಯೂ ಆಗಬಾರದು. ಕಮಿಷನ್ ಒಪ್ಪಿಕೊಂಡ ಮುಚ್ಚಳಿಕೆ ಒಪ್ಪಂದದ ಷರತ್ತೇ ಆಗುವುದರಿಂದ, ಅನುಮೋದನೆಯ ಆದೇಶ ಕೈಗೆ ಸಿಕ್ಕಾಗ ನಾನು ಮೊದಲು ಅದನ್ನೇ ಹುಡುಕುತ್ತೇನೆ: ಒಪ್ಪಂದದ ಮೂಲ ಪಠ್ಯವಷ್ಟನ್ನೇ ಓದಿದವರಿಗೆ ಭಾನುವಾರದ ನಿಜವಾದ ದರ ಕಾಣಿಸದೇ ಹೋಗಬಹುದು.