ಫ್ರೀಬಿಎಸ್‌ಡಿ ಮರುನಿರ್ಮಾಣ: ಮೊದಲು ಕರ್ನಲ್, ಆಮೇಲೆ ಉಳಿದದ್ದು

ಯುನಿಕ್ಸ್ ಬಗೆಯ ಕಾರ್ಯಾಚರಣಾ ವ್ಯವಸ್ಥೆಯಾದ ಫ್ರೀಬಿಎಸ್‌ಡಿಯ ಸೋರ್ಸ್‌ಗೆ (ಮೂಲ ಪ್ರೋಗ್ರಾಮ್ ಪಠ್ಯಕ್ಕೆ) ಪ್ಯಾಚ್ ಹಾಕಿ ಮರುಕಟ್ಟುವುದು ಹೇಗೆಂದು, ಭಾನುವಾರ ಡೊಂಬಿವಲಿಯಲ್ಲಿ ಸೇರುವ ನಮ್ಮ ಗುಂಪಿಗಾಗಿ ಈ ಟಿಪ್ಪಣಿ. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ಹಳೆಯ ಕಂಪ್ಯೂಟರಾದರೂ ಅಭ್ಯಾಸಕ್ಕೆ ಸಾಕು. ಸಿದ್ಧ ಬೈನರಿಯೇ (ಮೊದಲೇ ಕಂಪೈಲ್ ಆದ ಫೈಲುಗಳೇ) ಬೇಕೆನ್ನುವವರು ‘ಫ್ರೀಬಿಎಸ್‌ಡಿ-ಅಪ್‌ಡೇಟ್’ ಬಳಸಲಿ. ಅದರಲ್ಲಿ ತಪ್ಪೇನೂ ಇಲ್ಲ. ವ್ಯವಸ್ಥೆಯ ತಿರುಳಾದ ಕರ್ನಲ್‌ನ ಸಂರಚನೆಯನ್ನು ಬದಲಿಸಿಕೊಂಡವರಿಗೆ, ಒಳಗೆ ಏನು ನಡೆಯುತ್ತದೆ ಎಂದು ತಿಳಿಯುವ ಹಟವಿರುವವರಿಗೆ ಸೋರ್ಸ್‌ನ ದಾರಿ.

ಪ್ಯಾಚ್ ಎಂದರೆ ಯಾವ ಸಾಲು ಹೋಗಬೇಕು, ಯಾವುದು ಬರಬೇಕು ಎಂಬ ಪಟ್ಟಿ. ಅದನ್ನು ಹಾಕುವ ‘ಪ್ಯಾಚ್’ ಪ್ರೋಗ್ರಾಮನ್ನು 1985ರಲ್ಲಿ ಲ್ಯಾರಿ ವಾಲ್ ಬರೆದರು. ಸುತ್ತಲಿನ ಸಾಲುಗಳನ್ನು ಹೋಲಿಸಿ ಅದು ಜಾಗ ಹುಡುಕುವುದರಿಂದ, ಸಾಲುಗಳು ಸ್ವಲ್ಪ ಮೇಲೆ ಕೆಳಗೆ ಸರಿದಿದ್ದರೂ ಕೆಲಸ ನಡೆಯುತ್ತದೆ. ಜಾಗ ಸಿಗದ ತುಂಡುಗಳು ‘.ರೆಜ್’ ಫೈಲಿಗೆ ಹೋಗುತ್ತವೆ. ಅಂಥ ಒಂದು ಫೈಲ್ ಕಂಡರೂ ಮುಂದುವರಿಯಬೇಡಿ. ಗಿಟ್‌ನಿಂದ ಬಂದ ಪ್ಯಾಚ್‌ನಲ್ಲಿ ಫೈಲ್ ಹೆಸರುಗಳ ಮುಂದೆ ‘ಎ/’, ‘ಬಿ/’ ಇರುತ್ತವೆ. ಅವನ್ನು ಕಳಚಲು ‘-ಪಿ1’ ಆಯ್ಕೆ ಕೊಡಬೇಕು. ಪ್ಯಾಚ್ ಹಾಕಿದ ಮಾತ್ರಕ್ಕೆ ಓಡುತ್ತಿರುವ ವ್ಯವಸ್ಥೆಯಲ್ಲಿ ಏನೂ ಬದಲಾಗಿರುವುದಿಲ್ಲ. ಬದಲಾದದ್ದು ಸೋರ್ಸ್‌ನ ಪಠ್ಯ ಮಾತ್ರ. ದೋಷ ಲೈಬ್ರರಿಯಲ್ಲಿದ್ದರೆ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡ್‌ನಲ್ಲಿದ್ದರೆ) ಆ ಒಂದು ಡೈರೆಕ್ಟರಿಯನ್ನಷ್ಟೇ ಕಟ್ಟಿ ಮುಗಿಸುವ ಆಸೆ ಹುಟ್ಟುತ್ತದೆ. ಆದರೆ ತುರ್ತು ದುರಸ್ತಿಗೆಂದಿರುವ ‘/ರೆಸ್ಕ್ಯೂ’ ಒಳಗಿನ ಪ್ರೋಗ್ರಾಮುಗಳು ಲೈಬ್ರರಿಯನ್ನು ತಮ್ಮೊಳಗೇ ಹೊತ್ತಿರುತ್ತವೆ. ಅವುಗಳಲ್ಲಿ ಹಳೆಯ ದೋಷ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಎಲ್ಲವನ್ನೂ ಕಟ್ಟಬೇಕು. ಅದು ಎರಡು ಹೆಜ್ಜೆ: ‘ಮೇಕ್ ಬಿಲ್ಡ್‌ವರ್ಲ್ಡ್’, ನಂತರ ‘ಮೇಕ್ ಬಿಲ್ಡ್‌ಕರ್ನೆಲ್’. ವರ್ಲ್ಡ್ (ಕರ್ನಲ್ ಬಿಟ್ಟು ಉಳಿದ ಮೂಲ ವ್ಯವಸ್ಥೆ) ಮೊದಲು, ಏಕೆಂದರೆ ಕರ್ನಲ್ ಕಟ್ಟಲು ಬೇಕಾದ ಹೊಸ ಕಂಪೈಲರ್ ಅದರಲ್ಲೇ ತಯಾರಾಗುತ್ತದೆ. ಹೆಚ್ಚು ಸಮಯ ನುಂಗುವುದೂ ಆ ಕ್ಲ್ಯಾಂಗ್ ಕಂಪೈಲರೇ. ಫಲಿತವೆಲ್ಲ ‘/ಯುಎಸ್‌ಆರ್/ಒಬಿಜೆ’ಗೆ ಹೋಗಿ ಬೀಳುವುದರಿಂದ, ಮಳೆಗಾಲದಲ್ಲಿ ನಡುವೆ ವಿದ್ಯುತ್ ಹೋದರೂ ಸ್ಥಾಪಿತ ವ್ಯವಸ್ಥೆಯ ಫೈಲುಗಳನ್ನು ಈ ಹಂತ ಮುಟ್ಟಿರುವುದಿಲ್ಲ.

ಸ್ಥಾಪಿಸುವಾಗ ಕ್ರಮ ತಿರುಗುತ್ತದೆ: ಮೊದಲು ‘ಇನ್‌ಸ್ಟಾಲ್‌ಕರ್ನೆಲ್’, ರೀಬೂಟ್, ಆಮೇಲೆ ‘ಇನ್‌ಸ್ಟಾಲ್‌ವರ್ಲ್ಡ್’. ಹೊಸ ಕರ್ನಲ್ ಹಳೆಯ ಪ್ರೋಗ್ರಾಮುಗಳ ಸಿಸ್ಟಂ ಕರೆಗಳನ್ನು (ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳನ್ನು) ಅರಿಯುತ್ತದೆ. ಹಳೆಯ ಕರ್ನಲ್‌ಗೆ ಹೊಸ ಪ್ರೋಗ್ರಾಮಿನ ಕರೆ ಗೊತ್ತಿರಬೇಕೆಂದಿಲ್ಲ. ಗೊತ್ತಿಲ್ಲದ ಸಿಸ್ಟಂ ಕರೆ ಬಂದರೆ ಕರ್ನಲ್ ಆ ಪ್ರೋಗ್ರಾಮನ್ನೇ ಕೊಲ್ಲುತ್ತದೆ. 2017ರ ಮೇ ತಿಂಗಳಲ್ಲಿ ಪ್ರತಿ ಫೈಲನ್ನು ಗುರುತಿಸುವ ಐನೋಡ್ ಸಂಖ್ಯೆ 64 ಬಿಟ್‌ಗೆ ಹಿಗ್ಗಿದಾಗ ಫೈಲ್ ಮಾಹಿತಿ ಕೊಡುವ ಮೂಲ ಕರೆಗಳೇ ಬದಲಾದವು. ಆಗ ಕ್ರಮ ತಪ್ಪಿಸಿದವರಿಗೆ ಫೈಲ್ ಪಟ್ಟಿ ತೋರಿಸುವ ‘ಎಲ್‌ಎಸ್’ನಂಥ ಪುಟ್ಟ ಆಜ್ಞೆಯೂ ಓಡುತ್ತಿರಲಿಲ್ಲ. ಇನ್ನೊಂದು ಬದಿಯೂ ಇದೆ: ಅನಗತ್ಯವೆಂದು ಸಂರಚನೆಯಿಂದ ‘ಕಂಪ್ಯಾಟ್_ಫ್ರೀಬಿಎಸ್‌ಡಿ11’ ಸಾಲನ್ನು ಕಿತ್ತವರ ಹೊಸ ಕರ್ನಲ್ ಆವೃತ್ತಿ 11ರ ಹಳೆಯ ಪ್ರೋಗ್ರಾಮುಗಳನ್ನು ಓಡಿಸಲಾರದು. ಇಂಥವುಗಳ ಎಚ್ಚರಿಕೆ ಸೋರ್ಸ್ ಮರದ ‘ಅಪ್‌ಡೇಟಿಂಗ್’ ಫೈಲಿನಲ್ಲಿರುತ್ತದೆ. ಕಟ್ಟುವ ಮೊದಲು ಅದನ್ನು ಓದದವರ ಬಗ್ಗೆ ನನಗೆ ಕನಿಕರವಿಲ್ಲ.

ಹೊಸ ಕರ್ನಲ್ ಏಳದಿದ್ದರೆ? ಹಿಂದಿನದು ‘ಕರ್ನೆಲ್.ಓಲ್ಡ್’ ಆಗಿ ಉಳಿದಿರುತ್ತದೆ. ಲೋಡರ್‌ನಲ್ಲಿ (ಕರ್ನಲ್ ಏಳುವ ಮೊದಲು ಕಾಣುವ ಮೆನುವಿನಲ್ಲಿ) ಅದನ್ನು ಆರಿಸಿ. ಆದರೆ ಯಂತ್ರ ಐರೋಲಿಯ ಡೇಟಾ ಕೇಂದ್ರದಲ್ಲಿದ್ದು, ಮಳೆಗೆ ಲೋಕಲ್ ರೈಲು ನಿಂತಿದ್ದರೆ ಲೋಡರ್ ನೋಡುವುದು ಹೇಗೆ? ದೂರದ ಕನ್ಸೋಲ್ ಇಲ್ಲದೆ ಕೈ ಹಾಕಬೇಡಿ. ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆ ಇದ್ದರೆ ‘ಬಿಇಸಿಟಿಎಲ್’ ಮೂಲಕ ಹೊಸ ಬೂಟ್ ಪರಿಸರವನ್ನು (ಬೂಟ್ ಮಾಡಬಲ್ಲ ವ್ಯವಸ್ಥೆಯ ಪ್ರತಿಯನ್ನು) ಒಂದು ಬೂಟ್‌ಗೆ ಮಾತ್ರ ಸಕ್ರಿಯಗೊಳಿಸಬಹುದು. ಅದರ ನಂತರದ ರೀಬೂಟ್‌ನಲ್ಲಿ ಹಳೆಯದೇ ಬರುತ್ತದೆ.

‘/ಇಟಿಸಿ’ಯ ಸಂರಚನಾ ಫೈಲುಗಳನ್ನು ‘ಇಟಿಸಿಅಪ್‌ಡೇಟ್’ ನೋಡಿಕೊಳ್ಳುತ್ತದೆ: ಹಳೆಯ ಮೂಲ, ಹೊಸ ಮೂಲ, ನಿಮ್ಮ ತಿದ್ದುಪಡಿ, ಮೂರನ್ನೂ ಹೋಲಿಸುತ್ತದೆ. ವರ್ಲ್ಡ್ ಸ್ಥಾಪಿಸುವ ಮುನ್ನ ‘-ಪಿ’ಯೊಂದಿಗೆ ಒಮ್ಮೆ, ನಂತರ ಮತ್ತೊಮ್ಮೆ ಓಡಿಸಿ.

ಕೊನೆಗೆ ‘ಫ್ರೀಬಿಎಸ್‌ಡಿ-ವರ್ಷನ್ -ಕೆಆರ್‌ಯು’ ಕೊಟ್ಟರೆ ಸ್ಥಾಪಿತ ಕರ್ನಲ್, ಓಡುತ್ತಿರುವ ಕರ್ನಲ್, ಯೂಸರ್‌ಲ್ಯಾಂಡ್ (ಅಂದರೆ ವರ್ಲ್ಡ್) ಇವುಗಳ ಆವೃತ್ತಿ ಕಾಣುತ್ತದೆ. ಮೊದಲೆರಡು ಬೇರೆಯಾಗಿದ್ದರೆ ಹೊಸ ಕರ್ನಲ್ ಇನ್ನೂ ಓಡುತ್ತಿಲ್ಲವೆಂದೇ ಅರ್ಥ. ಬಳಕೆ ತಪ್ಪಿದ ಹಳೆಯ ಫೈಲುಗಳನ್ನು ಅಳಿಸುವ ‘ಡಿಲೀಟ್-ಓಲ್ಡ್’ ಅನ್ನು ಈಗ ನಡೆಸಿ. ಹಳೆಯ ಲೈಬ್ರರಿಗಳನ್ನು ಅಳಿಸುವ ‘ಡಿಲೀಟ್-ಓಲ್ಡ್-ಲಿಬ್ಸ್’ ಮಾತ್ರ ಹೊರಗಿನ ಪ್ಯಾಕೇಜುಗಳನ್ನೆಲ್ಲ ಮರುಸ್ಥಾಪಿಸಿದ ಮೇಲೆ, ಏಕೆಂದರೆ ಅವು ಇನ್ನೂ ಹಳೆಯ ಲೈಬ್ರರಿಗಳನ್ನೇ ನೆಚ್ಚಿರಬಹುದು.