ಮ್ಬುಮ್ ಬಾಂಟು ಭಾಷೆಯೇ?

ಪ್ರಶ್ನೆ: ಕ್ಯಾಮರೂನಿನ ಮ್ಬುಮ್ ಬಾಂಟು ಭಾಷೆ ಅಂದುಕೊಂಡಿದ್ದೆ. ಒಂದು ಪಟ್ಟಿಯಲ್ಲಿ ಅದನ್ನು ‘ಅದಮಾವಾ’ ಗುಂಪಿಗೆ ಹಾಕಿದ್ದಾರೆ. ಯಾವುದು ಸರಿ?

ಉತ್ತರ: ಬಾಂಟು (ಮಧ್ಯ, ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೊಡ್ಡ ಭಾಷಾಗುಂಪು) ಅಂತೂ ಅಲ್ಲ. ಎರಡನ್ನೂ ನೈಜರ್-ಕಾಂಗೊ ಅನ್ನುವ ದೊಡ್ಡ ಕುಟುಂಬದಲ್ಲೇ ಇಡುತ್ತಾರೆ, ಆದರೆ ನೆಂಟಸ್ತನ ತುಂಬಾ ದೂರದ್ದು. ಬಾಂಟು ಭಾಷೆಗಳಲ್ಲಿ ಹೆಸರುಪದದ ಮೊದಲಲ್ಲೇ ಅದರ ವರ್ಗ ಗೊತ್ತಾಗುತ್ತದೆ. ಸ್ವಾಹಿಲಿಯಲ್ಲಿ ‘ಮ್ತು’ ಅಂದರೆ ಒಬ್ಬ ಮನುಷ್ಯ, ‘ವಾತು’ ಅಂದರೆ ಜನ. ವಾಕ್ಯದ ಉಳಿದ ಪದಗಳೂ ಆ ವರ್ಗಕ್ಕೆ ಹೊಂದಿಕೊಳ್ಳುತ್ತವೆ. ಮ್ಬುಮ್‌ನಲ್ಲಿ ಇಂಥ ಏರ್ಪಾಡಿಲ್ಲ.

ಮ್ಬುಮ್ ಅನ್ನುವುದು ಒಂದು ಭಾಷೆಯ ಹೆಸರೂ ಹೌದು, ಒಂದು ಗುಂಪಿನ ಹೆಸರೂ ಹೌದು. ಭಾಷೆ ಇರುವುದು ಉತ್ತರ ಕ್ಯಾಮರೂನಿನ ಎನ್ಗಾಉಂಡೆರೆ ಊರಿನ ಆಸುಪಾಸಿನಲ್ಲಿ. ಗುಂಪು ಮಾತ್ರ ದಕ್ಷಿಣ ಚಾಡ್ ಮತ್ತು ಮಧ್ಯ ಆಫ್ರಿಕಾ ಗಣರಾಜ್ಯದ ವಾಯವ್ಯ ಭಾಗದವರೆಗೆ ಹರಡಿದೆ. ತುಪುರಿ, ಮುಂಡಾಂಗ್, ಮಂಬಾಯ್, ಕರಾಂಗ್, ಪಾನಾ ಎಲ್ಲ ಇದರೊಳಗೆ ಬರುತ್ತವೆ. ತುಪುರಿ ಆಡುವವರು ಲಕ್ಷಗಟ್ಟಲೆ ಇದ್ದಾರೆ.

ಇನ್ನು ಅದಮಾವಾ. ಇದು ಮೂಲದಲ್ಲಿ ಭಾಷೆಗೆ ಸಂಬಂಧಿಸಿದ ಹೆಸರೇ ಅಲ್ಲ. 19ನೇ ಶತಮಾನದಲ್ಲಿ ಮೋದಿಬ್ಬೊ ಅದಮಾ ಅನ್ನುವ ಫುಲಾನಿ (ಪಶ್ಚಿಮ ಆಫ್ರಿಕಾದ ಒಂದು ಜನಾಂಗ) ನಾಯಕ ಇಲ್ಲಿ ರಾಜ್ಯ ಕಟ್ಟಿದ. ನಾಡಿಗೆ ಅವನ ಹೆಸರು ಬಂತು, ಆಮೇಲೆ ಅಲ್ಲಿನ ಭಾಷೆಗಳಿಗೂ ಅಂಟಿಕೊಂಡಿತು. 1963ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ ಇಂಥ 14 ಗುಂಪುಗಳನ್ನು ಒಂದೇ ಕಟ್ಟಿಗೆ ಸೇರಿಸಿ ನಂಬರ್ ಕೊಟ್ಟರು. ಮ್ಬುಮ್ ಆರನೆಯದು. ಅವರ ಕೈಯಲ್ಲಿದ್ದದ್ದು ಬಹುಪಾಲು ಸಣ್ಣ ಸಣ್ಣ ಪದಪಟ್ಟಿಗಳು.

ಅಷ್ಟು ಸಾಕಾ? ನಮ್ಮ ಭಾಷೆಯನ್ನೇ ನೋಡಿ. ಕನ್ನಡದ ಹಾಲು, ಹತ್ತು, ಹೆಸರು ತಮಿಳಿನಲ್ಲಿ ಪಾಲ್, ಪತ್ತು, ಪೆಯರ್. ಪದದ ಮೊದಲಿನ ‘ಹ’ ಮತ್ತೆ ಮತ್ತೆ ‘ಪ’ಗೆ ಸರಿಹೊಂದುತ್ತದೆ. ಸುಮ್ನೆ ಎರಡು ಪದ ಹೋಲುವುದು ಬೇರೆ, ಹೀಗೆ ಕ್ರಮವಾಗಿ ಹೊಂದುವುದು ಬೇರೆ ಅಲ್ವಾ? ಅದಮಾವಾದ ಎಲ್ಲ ಗುಂಪುಗಳನ್ನೂ ಒಂದೇ ಮನೆಯವು ಅನ್ನುವುದಕ್ಕೆ ಇಂಥ ಪುರಾವೆ ಈವರೆಗೆ ಸಿಕ್ಕಿಲ್ಲ. ಹಾಗಾಗಿ ಟಾಮ್ ಗ್ಯುಲ್ಡೆಮಾನ್ ಅವರಂಥ ಭಾಷಾವಿಜ್ಞಾನಿಗಳು ಈ ಕಟ್ಟನ್ನು ಬಿಚ್ಚಿ, ಚಿಕ್ಕ ಗುಂಪುಗಳನ್ನು ಬೇರೆ ಬೇರೆಯಾಗಿಯೇ ಇಡುತ್ತಾರೆ. ನನಗೂ ಇದೇ ಸರಿ ಅನ್ನಿಸುತ್ತದೆ. ಮ್ಬುಮ್ ಗುಂಪಿನ ಒಳಗಿನ ನೆಂಟಸ್ತನದ ಬಗ್ಗೆ ತಕರಾರಿಲ್ಲ, ಅದು ಗಟ್ಟಿ. ಅಲ್ಲಿನ ನದಿಗಳನ್ನು ಹಿಡಿದು ಈ ಗುಂಪಿಗೆ ‘ಕೆಬ್ಬಿ-ಬೆನುವೆ’ ಅನ್ನುವ ಹೆಸರನ್ನೂ ಕೊಟ್ಟಿದ್ದಾರೆ.

ಇಲ್ಲಿ ನೆರೆಹೊರೆಯನ್ನು ನೋಡಿ ಭಾಷೆಯ ಕುಲ ಹೇಳುವುದು ಕಷ್ಟ. ತುಪುರಿಗಳು ಗುರ್ನಾ ಅನ್ನುವ ಕುಣಿತವನ್ನು ಪಕ್ಕದ ಮಸ್ಸಾ ಜನರ ಜೊತೆ ಹಂಚಿಕೊಂಡಿದ್ದಾರೆ. ಆದರೆ ಮಸ್ಸಾ ನೈಜರ್-ಕಾಂಗೊಗೆ ಸೇರದ ಚಾಡಿಕ್ ಗುಂಪಿನ ಭಾಷೆ, ನೈಜೀರಿಯಾ ಕಡೆಯ ಹೌಸಾ ಭಾಷೆಯ ನೆಂಟ. ಎನ್ಗಾಉಂಡೆರೆ ಪೇಟೆಯಲ್ಲಿ ಇವತ್ತು ಜಾಸ್ತಿ ಕೇಳುವುದು ಫುಲಾನಿಗಳ ಫುಲ್‌ಫುಲ್ಡೆ. ಊರಿನ ಹೆಸರು ಮಾತ್ರ ಮ್ಬುಮ್‌ನದೇ. ಅದರ ಅರ್ಥ ‘ಹೊಕ್ಕುಳಿನ ಬೆಟ್ಟ’. ತುದಿಯಲ್ಲಿ ದೊಡ್ಡ ಬಂಡೆ ಹೊತ್ತ ಆ ಬೆಟ್ಟ ಊರಿನ ಪಕ್ಕದಲ್ಲೇ ಇದೆ.